ಪರೀಕ್ಷೆಗೆ ಬಾರದ ಪುಟ

ನಮ್ಮ ಸಂಘದ ಪತ್ರಿಕೆಯಲ್ಲಿ ಚರಿತ್ರೆಯ ಲೇಖನವೆಂದರೆ ಸಾಮಾನ್ಯವಾಗಿ ಶಾಸನ, ದೇವಾಲಯ ಮತ್ತು ರಾಜವಂಶಗಳ ವಿಚಾರವಾಗಿರುತ್ತದೆ. ಸಿಂಹಾಚಲದ ಗುಡಿಯಲ್ಲಿ ಕೃಷ್ಣದೇವರಾಯನ ಶಾಸನವಿದೆಯೆಂದು ಓದಿದಾಗ ಈ ಊರಿನಲ್ಲಿ ನೆಲೆಸಿರುವ ನಮಗೆ ಹೆಮ್ಮೆಯಾಗುವುದು ಸಹಜವೇ ಸರಿ. ಆದರೆ ವಿಶಾಖಪಟ್ಟಣಕ್ಕೂ ನಮ್ಮ ಬೆಂಗಳೂರಿಗೂ ಕಲ್ಲಿನ ಮೇಲೆ ಕೆತ್ತದ ಇನ್ನೊಂದು ನಂಟು ಇದೆ. ಅದು ವಿದ್ಯೆಯ ನಂಟು. ಗುರುವಿನಿಂದ ಶಿಷ್ಯನಿಗೆ ಹರಿದು ಬಂದದ್ದು. ಕಳೆದ ದಸರಾ ರಜೆಯಲ್ಲಿ ರೈಲಿನಲ್ಲಿ ನಡೆದ ಒಂದು ಸಣ್ಣ ಮಾತುಕತೆಯಿಂದ ಅದರ ನೆನಪು ನನಗೆ ಬಂತು. ನಾನು ಇತಿಹಾಸಕಾರನಲ್ಲ, ವಿಜ್ಞಾನಿಯೂ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತಿರುವ ಗುಮಾಸ್ತ. ಎಂದೋ ಓದಿದ ಬಿ.ಎಸ್ಸಿ. ಒಂದೇ ಬಂಡವಾಳ. ಅದನ್ನು ನೆಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗ ವಿಜಯವಾಡದ ಒಂದು ವಸತಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾನೆ. ಆ ಊರಿನ ಕೋಚಿಂಗ್ ಕಾಲೇಜುಗಳ ವಿಚಾರ ಇಲ್ಲಿರುವ ಯಾರಿಗೂ ಹೇಳಬೇಕಾದ್ದಿಲ್ಲ. ಬೆಳಗಿನ ಜಾವ ಎದ್ದರೆ ರಾತ್ರಿಯವರೆಗೂ ಓದು, ವಾರಕ್ಕೊಂದು ಪರೀಕ್ಷೆ, ಪರೀಕ್ಷೆಗೊಂದು ರ‍್ಯಾಂಕು. ದಸರಾ ರಜೆಗೆ ಅವನನ್ನು ಕರೆತರಲು ಹೋಗಿದ್ದೆ. ಕನಕದುರ್ಗೆಯ ದರ್ಶನಕ್ಕೆ ಬಂದ ಜನರಿಂದ ಊರು ತುಂಬಿಹೋಗಿತ್ತು. ಬೆಳಿಗ್ಗೆ ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ಡಬ್ಬಿಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಆ ನೂಕುನುಗ್ಗಲಿನಲ್ಲಿಯೂ ಹುಡುಗ ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಏನೆಂದು ಕಿವಿಗೊಟ್ಟು ಕೇಳಿದರೆ ‘ಗ್ಲೈಸೀನ್, ಅಲನೀನ್, ವ್ಯಾಲೀನ್, ಲ್ಯೂಸೀನ್...’ ಎಂದು ಇಪ್ಪತ್ತು ಅಮೈನೋ ಆಮ್ಲಗಳ ಹೆಸರನ್ನು ಸಹಸ್ರನಾಮದಂತೆ ಹೇಳಿಕೊಳ್ಳುತ್ತಿದ್ದಾನೆ.

“ಗ್ಲೈಸೀನ್ ಮಿಕ್ಕವುಗಳಿಗಿಂತ ಬೇರೆ ಯಾಕೋ?” ಎಂದು ಕೇಳಿದೆ.

“ಅದಕ್ಕೆ ಪಾರ್ಶ್ವ ಸರಪಳಿಯ ಜಾಗದಲ್ಲಿ ಬರೀ ಒಂದು ಹೈಡ್ರೋಜನ್ ಇರುತ್ತಪ್ಪ. ಆಪ್ಟಿಕಲಿ ಇನ್‌ಆ್ಯಕ್ಟಿವ್. ಒಂದು ಮಾರ್ಕು.”

“ಹಾಗಿದ್ದರೆ ಏನಾಗುತ್ತೆ?”

ಅವನು ನನ್ನ ಮುಖ ನೋಡಿದ. ಅಂಥ ಪ್ರಶ್ನೆ ಬರುವುದಿಲ್ಲವೆಂದು ಅವನಿಗೆ ಖಂಡಿತವಾಗಿ ಗೊತ್ತಿತ್ತು. ನಾನು ಅವನ ಕೈಯಲ್ಲಿದ್ದ ಹನ್ನೊಂದನೆಯ ತರಗತಿಯ ಎನ್.ಸಿ.ಇ.ಆರ್.ಟಿ. ಜೀವಶಾಸ್ತ್ರದ ಪುಸ್ತಕವನ್ನು ತಿರುವಿಹಾಕಿದೆ. ಪರಿಚಿತರೊಬ್ಬರ ಮಗಳು ಓದಿ ಕೊಟ್ಟ ಹಳೆಯ ಪ್ರತಿ ಅದು. ಜೀವಕೋಶದ ಭಾಗ ಆರಂಭವಾಗುವಲ್ಲಿ ಒಬ್ಬ ಮಹನೀಯರ ಚಿತ್ರ, ಕೆಳಗೆ ಹೆಸರು: ಜಿ. ಎನ್. ರಾಮಚಂದ್ರನ್, 1922–2001. “ಇವರು ಯಾರು?” ಎಂದೆ. “ಆ ಪುಟ ಪರೀಕ್ಷೆಗೆ ಬರಲ್ಲಪ್ಪ, ಬಿಟ್ಟುಬಿಡಿ ಅಂದಿದ್ದಾರೆ” ಎಂದ.

ಅವನು ಬಾಯಿಪಾಠ ಮಾಡುತ್ತಿದ್ದ ಆ ಇಪ್ಪತ್ತು ಹೆಸರುಗಳಿಗೆ ಅರ್ಥ ಕೊಟ್ಟವರಲ್ಲಿ ಮುಖ್ಯರಾದ ಒಬ್ಬರು ಆ ಬಿಟ್ಟುಬಿಟ್ಟ ಪುಟದಲ್ಲಿದ್ದರು. ವಿಶಾಖಪಟ್ಟಣ ತಲಪಲು ಇನ್ನೂ ಆರು ಗಂಟೆಗಳಿದ್ದವು. ಆ ಪುಟದ ಕಥೆಯನ್ನು ನನಗೆ ತಿಳಿದಷ್ಟು ಅವನಿಗೆ ಹೇಳಿದೆ. ಅಂದು ಹೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಸೇರಿಸಿ, ಇಲ್ಲಿ ಒಪ್ಪಿಸುತ್ತಿದ್ದೇನೆ.

ವಾಲ್ಟೇರಿನಿಂದ ಬೆಂಗಳೂರಿಗೆ

ಕಥೆ ಆರಂಭವಾಗುವುದು ನಮ್ಮ ಊರಿನಲ್ಲೇ. 1892ರಲ್ಲಿ ಆರ್. ಚಂದ್ರಶೇಖರ ಅಯ್ಯರ್ ಎಂಬ ಉಪಾಧ್ಯಾಯರು ಇಲ್ಲಿನ ಎ.ವಿ.ಎನ್. ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸಲು ತಿರುಚಿನಾಪಳ್ಳಿಯ ಕಡೆಯಿಂದ ಸಂಸಾರಸಮೇತ ಬಂದರು. ನಮ್ಮಂತೆಯೇ ಹೊಟ್ಟೆಪಾಡಿಗೆ ಪರಊರಿಗೆ ಬಂದವರು. ಅವರ ಮಗನಿಗೆ ಆಗ ನಾಲ್ಕು ವರ್ಷ. ಹುಡುಗ ಇಲ್ಲಿಯೇ ಬೆಳೆದು, ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ ಮುಗಿಸಿ, ತಂದೆಯ ಕಾಲೇಜಿನಲ್ಲೇ ಎಫ್.ಎ. ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದ. ಆತನೇ ಮುಂದೆ ಜಗತ್ಪ್ರಸಿದ್ಧರಾದ ಸರ್ ಸಿ. ವಿ. ರಾಮನ್. ರಾಮನ್ ಅವರು 1907ರಿಂದ ಹತ್ತು ವರ್ಷ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಕಲ್ಕತ್ತೆಯಲ್ಲಿ ಕಚೇರಿಯ ಕೆಲಸದ ಮುಂಚೆ ಮತ್ತು ಕೆಲಸ ಮುಗಿದ ಮೇಲೆ ಪ್ರಯೋಗಶಾಲೆಗೆ ಓಡುತ್ತಿದ್ದರು. ಕಡತ ನೋಡುವ ನನ್ನಂಥವರಿಗೆ ಇದನ್ನು ಓದಿದಾಗ ಸಂತೋಷವೂ ಆಗುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. 1933ರಲ್ಲಿ ಅವರು ಬೆಂಗಳೂರಿಗೆ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ, ಅದರ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು.

ಈ ದಾರಿಯಲ್ಲಿ ನಡೆದವರು ಅವರೊಬ್ಬರೇ ಅಲ್ಲ. 1926ರಲ್ಲಿ ಸ್ಥಾಪನೆಯಾದ ಆಂಧ್ರ ವಿಶ್ವವಿದ್ಯಾನಿಲಯ ಮೊದಲು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ ಇತ್ತು. ಆಮೇಲೆ ವಾಲ್ಟೇರಿಗೆ ಬಂತು. ಅಲ್ಲಿ ಭೌತಶಾಸ್ತ್ರ ವಿಭಾಗವನ್ನು ಬೆಳೆಸಿದವರು ಕೃಷ್ಣಾ ಜಿಲ್ಲೆಯವರಾದ ಎಸ್. ಭಗವಂತಂ. ಅವರು ರಾಮನ್ ಅವರ ಶಿಷ್ಯರು. 1957ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಹೋದರು. ವಿಶಾಖಪಟ್ಟಣ, ಬೆಂಗಳೂರುಗಳ ನಡುವೆ ಇಂಥ ಓಡಾಟ ಆ ಕಾಲದಿಂದಲೂ ಇತ್ತು.

ನಮ್ಮ ಕಥಾನಾಯಕ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಹುಟ್ಟಿದರು. ತಂದೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಬೆಂಗಳೂರಿಗೆ ಬಂದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸೇರಿದ ಹುಡುಗನ ಮನಸ್ಸೆಲ್ಲ ಭೌತಶಾಸ್ತ್ರದ ಮೇಲಿತ್ತು. ಈ ಹುಡುಗ ನಿಮ್ಮ ವಿಭಾಗಕ್ಕೆ ಮೀರಿದ ಜಾಣ, ನಮ್ಮಲ್ಲಿಗೆ ಕಳಿಸಿಕೊಡಿ ಎಂದು ರಾಮನ್ ಅವರು ಅಲ್ಲಿನ ಮುಖ್ಯಸ್ಥರಿಗೆ ಹೇಳಿ ಕರೆದುಕೊಂಡರೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ರಾಮಚಂದ್ರನ್ ಕ್ಷ-ಕಿರಣ ಮತ್ತು ಸ್ಫಟಿಕಗಳ ಶಾಸ್ತ್ರವನ್ನು ರಾಮನ್ ಅವರ ಬಳಿ ಅಭ್ಯಾಸ ಮಾಡಿ, 1947ರಿಂದ 1949ರವರೆಗೆ ಕೇಂಬ್ರಿಜ್ಜಿನಲ್ಲಿದ್ದು ಹಿಂದಿರುಗಿದರು. 1952ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾದರು. ಆಗಿನ ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು ಆ ಹುದ್ದೆಗೆ ರಾಮನ್ ಅವರನ್ನೇ ಕೇಳಿದ್ದರು. ರಾಮನ್ ಶಿಷ್ಯನ ಹೆಸರನ್ನು ಸೂಚಿಸಿದರು.

ಮೂರೆಳೆಯ ಜಡೆ

ಮದರಾಸಿನಲ್ಲಿ ಯಾವ ವಿಷಯ ಕೈಗೆತ್ತಿಕೊಳ್ಳುವುದು? ಆ ದಿನಗಳಲ್ಲಿ ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲವೆಂದು ಹೇಳಿದರು. ಚರ್ಮ, ಮೂಳೆ, ಸ್ನಾಯುರಜ್ಜು ಎಲ್ಲಕ್ಕೂ ಗಟ್ಟಿತನ ಕೊಡುವ ನಾರು ಅದು. ಪ್ರೋಟೀನುಗಳ ವಿಚಾರದಲ್ಲಿ ಮೇಧಾವಿಯೆನಿಸಿದ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಕೋರಿ 1951ರಲ್ಲಿ ಸೂಚಿಸಿದ ಕೊಲಾಜನ್ ರೂಪವೂ ತಪ್ಪೆಂದು ಮುಂದೆ ಗೊತ್ತಾಯಿತು.

ಅದೃಷ್ಟಕ್ಕೆ ವಿಶ್ವವಿದ್ಯಾನಿಲಯದ ಪಕ್ಕದಲ್ಲೇ ಅಡಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಗುಂಟೂರು ಸೀಮೆಯ ತೆಲುಗರಾದ ಡಾ. ವೈ. ನಾಯುಡಮ್ಮನವರು ಮುಂದೆ ನಿರ್ದೇಶಕರಾಗಿ ಹೆಸರುವಾಸಿ ಮಾಡಿದ ಸಂಸ್ಥೆಯೇ ಇದು. ಅಲ್ಲಿಂದ ದೊರೆತ ಕಾಂಗರೂ ಬಾಲದ ರಜ್ಜುವಿನ ಮೇಲೆ ಕ್ಷ-ಕಿರಣ ಹಾಯಿಸಿ, ಗೋಪಿನಾಥ ಕರ್ತಾ ಎಂಬ ಸಹೋದ್ಯೋಗಿಯೊಡನೆ ರಾಮಚಂದ್ರನ್ ಚಿತ್ರಗಳನ್ನು ತೆಗೆದರು. ಒಂದು ಸುಳಿವು ಅವರನ್ನು ಮುಂದೆ ನಡೆಸಿತು: ಕೊಲಾಜನ್ನಿನ ಅಮೈನೋ ಆಮ್ಲಗಳಲ್ಲಿ ಮೂರನೆಯ ಒಂದು ಪಾಲು ಬರೀ ಗ್ಲೈಸೀನ್. ಹಾಗಾದರೆ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸೀನೇ ಆಗಿರಬೇಕು; ಅದಕ್ಕೆ ಏನೋ ಕಾರಣವಿರಬೇಕು. 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೂರು ಎಳೆಗಳು ಅಕ್ಕಪಕ್ಕ ನಿಂತ ರೂಪವನ್ನು ಪ್ರಕಟಿಸಿದರು. 1955ರಲ್ಲಿ ಅದನ್ನು ತಿದ್ದಿ, ಹೆಣ್ಣುಮಕ್ಕಳ ಜಡೆಯಂತೆ ಮೂರೆಳೆಗಳೂ ಒಂದನ್ನೊಂದು ಸುತ್ತಿಕೊಂಡ ರೂಪವನ್ನು ಕೊಟ್ಟರು. ಆ ಸುತ್ತಿನಲ್ಲಿ ಪ್ರತಿ ಮೂರನೆಯ ಕೊಂಡಿ ಜಡೆಯ ನಟ್ಟನಡುವೆ ಬರುತ್ತದೆ. ಅಲ್ಲಿ ಒಂದು ಜಲಜನಕದ ಪರಮಾಣುವಿಗಿಂತ ದೊಡ್ಡದಕ್ಕೆ ಸ್ಥಳವೇ ಇಲ್ಲ. ಗ್ಲೈಸೀನ್ ಏಕೆಂಬುದಕ್ಕೆ ಉತ್ತರ ದೊರೆಯಿತು.

ಟೀಕೆಯಿಂದ ಹುಟ್ಟಿದ ನಕಾಶೆ

ಕೆಲವೇ ವಾರಗಳಲ್ಲಿ ಇಂಗ್ಲೆಂಡಿನಿಂದ ಟೀಕೆ ಬಂತು. ಡಿ.ಎನ್.ಎ. ರಚನೆಗೆ ಹೆಸರಾದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಅದೇ 1955ರಲ್ಲಿ ಕೊಲಾಜನ್ನಿಗೆ ತಮ್ಮದೇ ರೂಪವನ್ನು ಪ್ರಕಟಿಸಿದರು. ಮೂರೆಳೆ ಸುತ್ತಿಕೊಂಡ ಮೂಲ ಕಲ್ಪನೆ ಎರಡರಲ್ಲೂ ಒಂದೇ. ಆದರೆ ಮದರಾಸಿನ ರೂಪದಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಸಮೀಪ ಬಂದಿವೆ, ಅಷ್ಟು ಹತ್ತಿರ ಅವು ಇರಲಾರವು ಎಂಬುದು ಅವರ ಆಕ್ಷೇಪಣೆ. ಎಳೆಗಳನ್ನು ಹಿಡಿದಿಡುವ ಜಲಜನಕದ ಕಟ್ಟು ಪ್ರತಿ ಮೂರು ಕೊಂಡಿಗೆ ಎರಡೆಂದು ರಾಮಚಂದ್ರನ್, ಒಂದೇ ಎಂದು ಅವರು.

ಇಂಥ ಸಂದರ್ಭದಲ್ಲಿ ನಮ್ಮಂಥವರು ಏನು ಮಾಡುತ್ತೇವೆ? ಒಂದೋ ಕೋಪಗೊಂಡು ಪತ್ರ ಬರೆಯುತ್ತೇವೆ, ಇಲ್ಲವೇ ದೊಡ್ಡವರು ಹೇಳಿದ ಮೇಲೆ ಮುಗಿಯಿತೆಂದು ಸುಮ್ಮನಾಗುತ್ತೇವೆ. ರಾಮಚಂದ್ರನ್ ಎರಡನ್ನೂ ಮಾಡದೆ ಒಂದು ಮೂಲಭೂತ ಪ್ರಶ್ನೆ ಕೇಳಿಕೊಂಡರು: ‘ಅತಿ ಸಮೀಪ’ ಎಂದರೆ ಎಷ್ಟು? ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು? ಆ ವೇಳೆಗೆ ತಿಳಿದಿದ್ದ ಸಣ್ಣ ಅಣುಗಳ ಸ್ಫಟಿಕ ರಚನೆಗಳನ್ನೆಲ್ಲ ಒಂದೊಂದಾಗಿ ಹುಡುಕಿ, ಇಂಗಾಲಕ್ಕೂ ಇಂಗಾಲಕ್ಕೂ ಇಷ್ಟು, ಸಾರಜನಕಕ್ಕೂ ಆಮ್ಲಜನಕಕ್ಕೂ ಇಷ್ಟು ಎಂದು ಕನಿಷ್ಠ ದೂರಗಳ ಪಟ್ಟಿ ಮಾಡಿದರು. ಈ ಕೆಲಸದಲ್ಲಿ ಜೊತೆಯಾದವರು ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್.

ಇಲ್ಲಿ ಪ್ರೋಟೀನಿನ ಸರಪಳಿಯ ಬಗ್ಗೆ ಎರಡು ಮಾತು ಹೇಳಬೇಕು. ಇಸ್ಪೀಟು ಎಲೆಗಳನ್ನು ಮೂಲೆಗೆ ಮೂಲೆ ಸೇರಿಸಿ ಉದ್ದಕ್ಕೆ ಪೋಣಿಸಿದಂತೆ ಕಲ್ಪಿಸಿಕೊಳ್ಳಿ. ಎಲೆಗಳು ಚಪ್ಪಟೆ, ಬಾಗುವುದಿಲ್ಲ, ತಿರುಚಿಕೊಳ್ಳುವುದಿಲ್ಲ. ಇದನ್ನು ತೋರಿಸಿದ್ದು ಪಾಲಿಂಗ್ ಮತ್ತು ಕೋರಿ. ತಿರುಗುವುದೆಲ್ಲ ಎರಡು ಎಲೆಗಳು ಕೂಡುವ ಮೂಲೆಯಲ್ಲಿ. ಆ ಮೂಲೆಯಲ್ಲಿ ಒಂದು ಇಂಗಾಲದ ಪರಮಾಣು ಕುಳಿತಿದೆ. ಅದರ ಎಡಬಲಕ್ಕೆ ಎರಡು ತಿರುಗಣಿಗಳು. ಒಂದರ ಕೋನಕ್ಕೆ ಫೈ, ಇನ್ನೊಂದಕ್ಕೆ ಸೈ ಎಂದು ಗ್ರೀಕ್ ಅಕ್ಷರದ ಹೆಸರು. ಸರಪಳಿಯ ಬೆನ್ನೆಲುಬು ಎಲ್ಲಿ ಹೇಗೆ ಬಾಗಿದೆಯೆಂದು ಹೇಳಲು ಪ್ರತಿ ಮೂಲೆಗೆ ಈ ಎರಡು ಅಂಕಿ ಸಾಕು. ಅದೇ ಇಂಗಾಲಕ್ಕೆ ಪಕ್ಕದಲ್ಲಿ ನೇತುಬಿದ್ದಿರುವುದೇ ಪಾರ್ಶ್ವ ಸರಪಳಿ. ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಬೆನ್ನೆಲುಬು ಒಂದೇ ಬಗೆ. ಪಕ್ಕದಲ್ಲಿ ನೇತಾಡುವ ಹೊರೆ ಮಾತ್ರ ಬೇರೆ ಬೇರೆ.

ಒಂದು ತಿರುಗಣಿಯನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಗುರುತಿಸಿದರೆ ಒಂದು ಚೌಕ ಬರುತ್ತದೆ. ಚೌಕದ ಒಂದೊಂದು ಬಿಂದುವೂ ಬೆನ್ನೆಲುಬಿನ ಒಂದೊಂದು ಬಾಗು. ಮದರಾಸಿನ ಆ ಮೂವರು ಮೇಜಿನ ಮೇಲಿನ ಲೆಕ್ಕದ ಯಂತ್ರ ಮತ್ತು ಕಾಗದ ಪೆನ್ಸಿಲುಗಳಿಂದ, ಯಾವ ಬಾಗಿನಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ ಎಂದು ಲೆಕ್ಕ ಹಾಕುತ್ತಾ ಹೋದರು. ಫಲಿತಾಂಶ 1963ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಕೇವಲ ಐದು ಪುಟಗಳ ಲೇಖನವಾಗಿ ಬಂತು. ಜಗತ್ತು ಇಂದು ಅದನ್ನು ರಾಮಚಂದ್ರನ್ ನಕ್ಷೆ ಎಂದು ಕರೆಯುತ್ತದೆ. ನಮ್ಮ ಭೂಗೋಳದ ನಕಾಶೆಯಂತೆ ಅದರಲ್ಲಿಯೂ ಸಮುದ್ರವೇ ಹೆಚ್ಚು, ನೆಲ ಕಡಮೆ. ಬೆನ್ನೆಲುಬು ಹೋಗಬಹುದಾದ ಕೆಲವೇ ದ್ವೀಪಗಳು. ಉಳಿದದ್ದೆಲ್ಲ ನಿಷಿದ್ಧ ಪ್ರದೇಶ.

ರೈಲಿನ ಡಬ್ಬಿಯಲ್ಲಿ ಪಾಠ

ಪಾರ್ಶ್ವ ಸರಪಳಿಯ ಹೊರೆ ಬೆನ್ನೆಲುಬಿನ ಸ್ವಾತಂತ್ರ್ಯವನ್ನು ಹೇಗೆ ಹೆಚ್ಚುಕಡಮೆ ಮಾಡುತ್ತದೆಂಬುದನ್ನು ಮಗನಿಗೆ ತಿಳಿಸಲು ನನಗೆ ಆ ಕಿಕ್ಕಿರಿದ ಡಬ್ಬಿಯೇ ಒದಗಿಬಂತು.

“ಬಾಗಿಲ ಹತ್ತಿರ ಬರಿಗೈಯಲ್ಲಿ ನಿಂತಿದ್ದಾನಲ್ಲ, ಅವನನ್ನು ನೋಡು. ಹೇಗೆ ಬೇಕಾದರೂ ತಿರುಗುತ್ತಾನೆ, ಯಾವ ಸಂದಿಯಲ್ಲಾದರೂ ನುಸುಳುತ್ತಾನೆ. ಅವನು ಗ್ಲೈಸೀನ್” ಎಂದೆ. ರಾಮಚಂದ್ರನ್ ನಕ್ಷೆಯಲ್ಲಿ ಗ್ಲೈಸೀನಿಗೆ ಅರ್ಧಕ್ಕಿಂತ ಹೆಚ್ಚು ಪ್ರದೇಶ ತೆರೆದಿರುತ್ತದೆ; ಬೇರೆಯವು ಅಪರೂಪಕ್ಕೆ ಮಾತ್ರ ಕಾಲಿಡುವ ಬಲಭಾಗಕ್ಕೂ ಅದು ಸಲೀಸಾಗಿ ಹೋಗುತ್ತದೆ. ಆದ್ದರಿಂದ ಪ್ರೋಟೀನು ಥಟ್ಟನೆ ತಿರುವು ತೆಗೆದುಕೊಳ್ಳುವ ಕಡೆ, ಸಡಿಲವಾಗಿ ಅಲ್ಲಾಡಬೇಕಾದ ಕಡೆ ಗ್ಲೈಸೀನ್ ಹೆಚ್ಚಾಗಿ ಸಿಕ್ಕುತ್ತದೆ.

ಒಂದು ಕೈಚೀಲ ಹಿಡಿದವನು ಅಲನೀನ್. ಒಂದು ಇಂಗಾಲ, ಮೂರು ಜಲಜನಕ, ಇಷ್ಟೇ ಅವನ ಹೊರೆ. ಆದರೂ ಆ ಒಂದು ಚೀಲ ಬಂದೊಡನೆ ತೆರೆದ ಪ್ರದೇಶ ಚೌಕದ ನಾಲ್ಕನೆಯ ಒಂದು ಪಾಲಿಗಿಂತಲೂ ಕಡಮೆಯಾಗಿಬಿಡುತ್ತದೆ. ಮೊದಲನೆಯ ಇಂಗಾಲದ ಪರಿಣಾಮವೇ ಎಲ್ಲಕ್ಕಿಂತ ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

“ಹಾಗಾದರೆ ಎಲ್ಲಕ್ಕಿಂತ ದೊಡ್ಡದಾದ ಟ್ರಿಪ್ಟೋಫೇನ್ ಅಲ್ಲಾಡಲೇಬಾರದಲ್ಲ?” ಎಂದ ಮಗ. ಬಾಯಿಪಾಠದ ಹುಡುಗ ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಬಹಳ ಹಿತವಾಯಿತು. ಹೊರೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಲ್ಲಿ ನೇತಾಡುತ್ತಿದೆ ಎನ್ನುವುದು ಮುಖ್ಯ. ಉದ್ದನೆಯ ಹಗ್ಗದ ತುದಿಯಲ್ಲಿ ದೊಡ್ಡ ಮೂಟೆ ಇದ್ದರೆ ಭುಜಕ್ಕೆ ಅಷ್ಟೊಂದು ಅಡ್ಡಿಯಿಲ್ಲ. ಕಂಕುಳಲ್ಲೇ ಕವಲೊಡೆದ ಚೀಲವಿದ್ದರೆ ತೋಳು ಆಡಿಸುವುದೇ ಕಷ್ಟ. ವ್ಯಾಲೀನ್, ಐಸೊಲ್ಯೂಸೀನ್, ಥ್ರಿಯೊನೀನ್ ಈ ಜಾತಿಯವು. ಬೆನ್ನೆಲುಬಿನ ಪಕ್ಕದ ಮೊದಲ ಇಂಗಾಲದಲ್ಲೇ ಅವುಗಳ ಪಾರ್ಶ್ವ ಸರಪಳಿ ಕವಲೊಡೆಯುತ್ತದೆ. ಆದ್ದರಿಂದ ಅವು ಸುರುಳಿಗಿಂತ ಚಾಚಿದ ಹಾಳೆಯ ರೂಪವನ್ನು ಹೆಚ್ಚು ಬಯಸುತ್ತವೆ. ಲ್ಯೂಸೀನ್ ಕವಲೊಡೆಯುವುದು ಒಂದು ಹೆಜ್ಜೆ ಆಚೆಗೆ. ಅದರ ಕಾಟ ಅಷ್ಟಿಲ್ಲ.

ಇನ್ನು ಪ್ರೋಲೀನ್. ಕಳ್ಳರ ಭಯಕ್ಕೆ ಚೀಲದ ಪಟ್ಟಿಯನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡು ಕುಳಿತ ಮುದುಕರೊಬ್ಬರು ಎದುರಿಗಿದ್ದರು. ಪ್ರೋಲೀನಿನ ಪಾರ್ಶ್ವ ಸರಪಳಿಯೂ ಹಾಗೆಯೇ ಹಿಂದಕ್ಕೆ ಬಂದು ತನ್ನ ಬೆನ್ನೆಲುಬಿನ ಸಾರಜನಕಕ್ಕೇ ಕಟ್ಟಿಕೊಂಡು ಉಂಗುರವಾಗುತ್ತದೆ. ಒಂದು ತಿರುಗಣಿ ಬಹುತೇಕ ಅಲ್ಲಾಡದಂತೆ ಆಗುತ್ತದೆ. ಸರಪಳಿಗೆ ಪೆಡಸುತನ ಬರುವುದು ಇದರಿಂದ.

ಈಗ ಕೊಲಾಜನ್ನಿನ ಜಡೆಯ ಗುಟ್ಟು ಪೂರ್ತಿ ತಿಳಿಯುತ್ತದೆ. ಅದರಲ್ಲಿ ಗ್ಲೈಸೀನ್ ಇರುವುದು ಸಡಿಲತನಕ್ಕಲ್ಲ, ಇಕ್ಕಟ್ಟಿನಲ್ಲಿ ಹಿಡಿಸುವುದಕ್ಕೆ. ಪೆಡಸುತನ ಕೊಡುವ ಕೆಲಸ ಪ್ರೋಲೀನ್ ಮತ್ತು ಅದರಿಂದಾಗುವ ಹೈಡ್ರಾಕ್ಸಿಪ್ರೋಲೀನುಗಳದು. ಪ್ರೋಲೀನನ್ನು ಹಾಗೆ ಮಾರ್ಪಡಿಸಲು ‘ಸಿ’ ಜೀವಸತ್ವ ಬೇಕು. ಅದಿಲ್ಲದೆ ಹಿಂದಿನ ಕಾಲದ ನಾವಿಕರಿಗೆ ವಸಡಿನಲ್ಲಿ ರಕ್ತ ಒಸರಿ ಹಳೆಯ ಗಾಯಗಳು ಬಿಚ್ಚಿಕೊಳ್ಳುತ್ತಿದ್ದವು. ನಮ್ಮ ಅಜ್ಜಿಯರು ನೆಲ್ಲಿಕಾಯಿ ತಿನ್ನಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಮನೆಯ ಹೆಂಗಸರು ಉಡುವ ಮೈಸೂರು ರೇಷ್ಮೆಯದೂ ಇಂಥದೇ ಕಥೆ: ಅದರ ಗಟ್ಟಿ ಭಾಗದಲ್ಲಿ ಒಂದು ಬಿಟ್ಟು ಒಂದು ಗ್ಲೈಸೀನ್, ನಡುನಡುವೆ ಅಲನೀನ್, ಸೆರೀನ್. ಹೊರೆ ಸಣ್ಣದಾದ್ದರಿಂದ ಹಾಳೆಗಳು ಒಂದರ ಮೇಲೊಂದು ಒತ್ತೊತ್ತಾಗಿ ಕೂರುತ್ತವೆ.

ಒಂದೇ ಒಂದು ಗ್ಲೈಸೀನ್ ತಪ್ಪಿದರೆ

ಇದೆಲ್ಲ ಪಂಡಿತರ ಚರ್ಚೆ, ನಮಗೇನು ಎಂದು ಓದುಗ ಮಹಾಶಯರು ಕೇಳಬಹುದು. ನಮ್ಮ ಮೂಳೆಯ ಕೊಲಾಜನ್ನಿನ ಒಂದು ಎಳೆಯಲ್ಲಿ ಸಾವಿರಕ್ಕೂ ಮೀರಿ ಕೊಂಡಿಗಳಿವೆ. ಅವುಗಳಲ್ಲಿ ಒಂದೇ ಒಂದು ಗ್ಲೈಸೀನಿನ ಜಾಗಕ್ಕೆ, ಹುಟ್ಟಿನಿಂದ ಬಂದ ದೋಷದಿಂದ, ಹೊರೆ ಇರುವ ಬೇರೊಂದು ಅಮೈನೋ ಆಮ್ಲ ಬಂದು ಕುಳಿತರೂ ಮಗುವಿನ ಮೂಳೆ ಸಣ್ಣ ಪೆಟ್ಟಿಗೂ ಮುರಿಯುವ ರೋಗ ಬರಬಹುದು. ಎಲ್ಲಿ, ಯಾವುದು ಬಂದು ಕುಳಿತಿತೆಂಬುದರ ಮೇಲೆ ರೋಗ ಸೌಮ್ಯವೋ ಪ್ರಾಣಾಂತಕವೋ ಎಂಬುದು ಬಹುಮಟ್ಟಿಗೆ ನಿಂತಿದೆ. 1994ರಲ್ಲಿ ಅಮೆರಿಕದ ಬೆಲ್ಲಾ, ಈಟನ್, ಬ್ರಾಡ್ಸ್ಕಿ ಮತ್ತು ಬರ್ಮನ್ ಎಂಬ ವಿಜ್ಞಾನಿಗಳು ಕೊಲಾಜನ್ನಿನಂಥ ಒಂದು ಚಿಕ್ಕ ಜಡೆಯ ನಡುವೆ ಗ್ಲೈಸೀನಿನ ಬದಲು ಅಲನೀನ್ ಇಟ್ಟು, ಅದರ ಸ್ಫಟಿಕ ರಚನೆಯನ್ನು ನೋಡಿದರು. ಆ ಒಂದು ಜಾಗದಲ್ಲಿ ಜಡೆಯ ಸುತ್ತು ಸಡಿಲಗೊಂಡು, ಎಳೆಗಳ ನಡುವೆ ನೀರಿನ ಅಣುಗಳು ನುಗ್ಗಿದ್ದವು. ಮೂರೆಳೆಯ ಸುತ್ತು ಸರಿಯೆಂದು ಆ ಚಿತ್ರ ಸ್ಪಷ್ಟಪಡಿಸಿತು. ಜಲಜನಕದ ನೇರ ಕಟ್ಟಿನ ಲೆಕ್ಕದಲ್ಲಿ ಮಾತ್ರ ಒಂದೇ ಎಂದಿದ್ದ ರಿಚ್ ಮತ್ತು ಕ್ರಿಕ್ ಸತ್ಯಕ್ಕೆ ಹತ್ತಿರವಿದ್ದರು. ನಮ್ಮವರೆಂಬ ಅಭಿಮಾನದಿಂದ ಇದನ್ನು ಮರೆಮಾಚಬೇಕಾಗಿಲ್ಲ. ಜಡೆಯನ್ನು ಮೊದಲು ಕಂಡದ್ದು ಮದರಾಸಿನಲ್ಲಿ. ಅದನ್ನು ಇನ್ನಷ್ಟು ತಿದ್ದಿದ್ದು ಇಂಗ್ಲೆಂಡಿನಲ್ಲಿ.

ಪೆಡಸುತನವನ್ನು ಬೇಕೆಂದೇ ತರುವ ವಿದ್ಯೆಯೂ ಬೆಳೆಯಿತು. 1987ರಲ್ಲಿ ಬ್ರಯನ್ ಮ್ಯಾಥ್ಯೂಸ್ ಅವರ ತಂಡ ಲೈಸೊಜೈಮ್ ಎಂಬ ಪ್ರೋಟೀನಿನಲ್ಲಿ ಒಂದು ಕಡೆ ಗ್ಲೈಸೀನ್ ತೆಗೆದು ಅಲನೀನ್, ಇನ್ನೊಂದು ಕಡೆ ಅಲನೀನ್ ತೆಗೆದು ಪ್ರೋಲೀನ್ ಹಾಕಿ, ಅದು ಶಾಖವನ್ನು ಹೆಚ್ಚು ತಡೆಯುವಂತೆ ಮಾಡಿತು. ಬಿಚ್ಚಿಕೊಂಡಾಗ ಸಿಗುವ ಸ್ವಾತಂತ್ರ್ಯ ಕಡಮೆಯಾದರೆ ಬಿಚ್ಚಿಕೊಳ್ಳುವ ಆಸೆಯೂ ಕಡಮೆ ಎಂಬುದೇ ಅದರ ಯುಕ್ತಿ. ಕೋವಿಡ್ ಕಾಲದಲ್ಲಿ ಫೈಜರ್, ಮಾಡೆರ್ನಾ ಲಸಿಕೆಗಳಲ್ಲಿ ವೈರಾಣುವಿನ ಮುಳ್ಳಿನ ಪ್ರೋಟೀನು ರೂಪ ಬದಲಿಸದೆ ನೆಟ್ಟಗೆ ನಿಲ್ಲಲೆಂದು ಅಕ್ಕಪಕ್ಕದ ಎರಡು ಕೊಂಡಿಗಳನ್ನು ಪ್ರೋಲೀನಿಗೆ ಬದಲಾಯಿಸಿದರು. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಲ್ಲಿ ಈ ಉಪಾಯವಿರಲಿಲ್ಲ. ಅವುಗಳ ದಾರಿ ಬೇರೆ. ಆದರೂ ಜಗತ್ತಿನ ಕೋಟ್ಯಂತರ ಜನರ ತೋಳಿಗೆ ಹೋದ ಮದ್ದಿನಲ್ಲಿ ಆ ಸೊಂಟಕ್ಕೆ ಕಟ್ಟಿಕೊಂಡ ಚೀಲದ ಗುಣ ಇತ್ತು ಎಂಬುದು ಸ್ವಾರಸ್ಯದ ಸಂಗತಿ.

ಮತ್ತೆ ಬೆಂಗಳೂರಿಗೆ

ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಮದರಾಸು ಬಿಟ್ಟು ತಮ್ಮ ಹಳೆಯ ಟಾಟಾ ಇನ್‌ಸ್ಟಿಟ್ಯೂಟಿಗೇ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಶಶಿಶೇಖರನ್ ಮತ್ತು ರಾಮಕೃಷ್ಣನ್ ಅವರೂ ಅಲ್ಲಿಗೆ ಬಂದರು. 1973ರಲ್ಲಿ ಅಲ್ಲಿ ಸೇರಿದ ಪಿ. ಬಲರಾಮ್ ಈ ಕಥೆಗೆ ಹೊಸ ಅಧ್ಯಾಯ ಸೇರಿಸಿದರು. ಬೂಷ್ಟಿನ ಜಾತಿಯ ಕೆಲವು ಜೀವಿಗಳು ಮಾಡುವ ಪ್ರತಿಜೀವಕಗಳಲ್ಲಿ ಐಬ್ ಎಂಬ ವಿಚಿತ್ರ ಅಮೈನೋ ಆಮ್ಲವಿದೆ. ಅಲನೀನಿಗೆ ಒಂದು ಕೈಚೀಲವಾದರೆ ಐಬ್‌ಗೆ ಎರಡು ಕೈಯಲ್ಲೂ ಒಂದೊಂದು. ಹೀಗಾಗಿ ನಕ್ಷೆಯಲ್ಲಿ ಅದಕ್ಕೆ ಉಳಿಯುವುದು ಸುರುಳಿಯ ಸಣ್ಣ ಜಾಗ ಮಾತ್ರ. ಇದನ್ನು ಅಲ್ಲಲ್ಲಿ ಪೋಣಿಸಿ, ಚಿಕ್ಕ ಸರಪಳಿಗಳನ್ನೂ ತಾವು ಬಯಸಿದ ಸುರುಳಿಯಾಗಿ ನಿಲ್ಲಿಸಬಹುದೆಂದು ಬಲರಾಮ್ ಮತ್ತು ಅವರ ಸಂಗಡಿಗರು ವರ್ಷಾನುವರ್ಷ ದುಡಿದು ತೋರಿಸಿದರು. ಮುಂದೆ 2005ರಿಂದ 2014ರವರೆಗೆ ಅವರು ಸಂಸ್ಥೆಯ ನಿರ್ದೇಶಕರಾಗಿದ್ದರು. ಯಶವಂತಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ನಾವು ಎಷ್ಟು ಸಲ ಆ ಬೇಲಿಯನ್ನು ದಾಟಿದ್ದೇವೆಯೋ! ಒಳಗೆ ಏನು ನಡೆಯುತ್ತಿದೆಯೆಂದು ಕೇಳಿದವರಲ್ಲ.

ರಾಮಚಂದ್ರನ್ ಅವರಿಗೆ 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಒಕ್ಕೂಟದ ಎವಾಲ್ಡ್ ಪಾರಿತೋಷಕ ದೊರೆತವು. ನೊಬೆಲ್ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗದಿಂದ ನರಳಿದರು. ಕೈಕಾಲಿನ ಚಲನೆಯನ್ನೇ ಕಸಿದುಕೊಳ್ಳುವ ಆ ರೋಗ, ಅಣುವಿನ ಚಲನೆಯನ್ನು ಅಳೆದವರಿಗೆ ಬಂದದ್ದು ವಿಧಿಯ ಕ್ರೌರ್ಯ. 1998ರಲ್ಲಿ ಪತ್ನಿಯೂ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರು ನಿಧನರಾದರು. ಆ ತಿಂಗಳು ನಾನು ಅಂತಿಮ ಬಿ.ಎಸ್ಸಿ. ಪರೀಕ್ಷೆಗೆ ರಸಾಯನಶಾಸ್ತ್ರದ ನೋಟ್ಸನ್ನ ಉರು ಹೊಡೆಯುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಯಾರೂ ಆ ಹೆಸರೆತ್ತಿದ್ದು ನೆನಪಿಲ್ಲ. ನನಗೂ ಆಗ ಅದು ಪರೀಕ್ಷೆಗೆ ಬಾರದ ಪುಟವೇ ಆಗಿತ್ತು. ಮುಂದೆ ಎಂ.ಎಸ್ಸಿ.ಗೆ ಹೋಗುವ ಆಸೆಯನ್ನು ಮನೆಯ ಪರಿಸ್ಥಿತಿ ನುಂಗಿತು. ಕೆಲಸದ ಪರೀಕ್ಷೆ ಬರೆದು ಈ ಊರಿಗೆ ಬಂದೆ. ಅದಕ್ಕೆ ಯಾರನ್ನೂ ದೂರುವುದಿಲ್ಲ.

ಇಂದು ಜಗತ್ತಿನಲ್ಲಿ ಎಲ್ಲಿ ಯಾವ ಪ್ರೋಟೀನಿನ ರಚನೆ ಪ್ರಕಟವಾದರೂ ಅದನ್ನು ಮೊದಲು ಮದರಾಸಿನ ಆ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ನಿಷಿದ್ಧ ಪ್ರದೇಶದಲ್ಲಿ ಬಿಂದುಗಳು ಹೆಚ್ಚಿದ್ದರೆ ಎಲ್ಲೋ ತಪ್ಪಾಗಿದೆಯೆಂದು ಅರ್ಥ. ಪ್ರೋಟೀನಿನ ರೂಪವನ್ನು ಗಣಕಯಂತ್ರದಿಂದಲೇ ಊಹಿಸುವ, ಹೊಸದಾಗಿ ವಿನ್ಯಾಸ ಮಾಡುವ ಕೆಲಸಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬೇಕರ್, ಹಸಾಬಿಸ್ ಮತ್ತು ಜಂಪರ್ ಅವರಿಗೆ ಸಂದಿತು. ಆ ಯಂತ್ರಗಳು ಕೊಡುವ ಉತ್ತರವನ್ನೂ ಈ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ಟೀಕೆಗೆ ಉತ್ತರವಾಗಿ ಪೆನ್ಸಿಲಿನಲ್ಲಿ ಹುಟ್ಟಿದ ನಕ್ಷೆಗೆ ಅರವತ್ತು ವರ್ಷ ಮೀರಿದೆ; ಇನ್ನೂ ಹಳತಾಗಿಲ್ಲ.

ರೈಲು ಗೋದಾವರಿ ದಾಟಿ, ಅನ್ನವರಂ, ತುನಿಗಳನ್ನು ಹಿಂದೆ ಹಾಕಿ ಅನಕಾಪಲ್ಲಿಗೆ ಬಂದಿತ್ತು. ಮಗ ಬಹಳ ಹೊತ್ತು ಮಾತಾಡದೆ ಆ ಪುಟವನ್ನೇ ನೋಡುತ್ತಿದ್ದ. “ಅಪ್ಪಾ, ನೀನು ಇದನ್ನೆಲ್ಲ ಓದಬೇಕು ಅಂತಿದ್ಯಾ?” ಎಂದು ಕೇಳಿದ. ಹೌದೆಂದೆ. ಅವನು ಮತ್ತೇನೂ ಕೇಳಲಿಲ್ಲ. ಪೆನ್ನು ತೆಗೆದು ಪುಟದ ಮೂಲೆಯಲ್ಲಿ ಒಂದು ಚೌಕ ಬರೆದು, ಒಳಗೆ ಮೂರು ಸಣ್ಣ ದ್ವೀಪಗಳನ್ನು ಗುರುತು ಮಾಡಿದ. ಅವನು ಮುಂದೆ ವೈದ್ಯನಾಗುತ್ತಾನೋ, ನನ್ನಂತೆ ಗುಮಾಸ್ತನಾಗುತ್ತಾನೋ, ಅದು ಅವನ ಶ್ರಮಕ್ಕೂ ದೈವಕ್ಕೂ ಬಿಟ್ಟದ್ದು. ಆದರೆ ಗ್ಲೈಸೀನ್ ಎಂದರೆ ಒಂದು ಮಾರ್ಕು ಎಂದು ಅವನು ಇನ್ನು ಹೇಳಲಾರ.

ಪರಊರಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಭಾನುವಾರ ಬಿಡುವು ಮಾಡಿಕೊಂಡು ಮಕ್ಕಳ ಪುಸ್ತಕದಲ್ಲಿ ಪರೀಕ್ಷೆಗೆ ಬಾರದ ಪುಟಗಳು ಯಾವುವೆಂದು ಅವರನ್ನೇ ಕೇಳಿ, ಅವರ ಜೊತೆಯಲ್ಲಿ ಕುಳಿತು ಓದಿ.